ಮೂರು ‘ಅ’ಗಳಿಗೂ ಒಂದೇ ಗೀರು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಳೇ ಕಾಲದ ಪಾತ್ರೆ ಪಡಗಗಳ ಬಗ್ಗೆ ಒಂದು ಲೇಖನ ಬಂದಿತ್ತು. ಲೇಖನ ಚೆನ್ನಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ತಲೆಬರಹದ ಮೇಲೆ. ‘ಅಜ್ಜಿಯ ಅಡುಗೆಮನೆ ಅಟ್ಟ’ ಎಂದು ಪುಟದ ಅಗಲಕ್ಕೂ ಹಾಕಿದ್ದಿರಿ. ಬ್ರಷ್ಷಿನಲ್ಲಿ ಸರಸರ ಬರೆದಂತೆ ಕಾಣುವ ಅಕ್ಷರ. ಬಣ್ಣ ಕಮ್ಮಿಯಾಗಿ ಬ್ರಷ್ಷಿನ ಕೂದಲು ಬಿಡಿಬಿಡಿಯಾಗಿ ಉಜ್ಜಿದಂಥ ಬಿಳಿ ಗೀರುಗಳೂ ಇದ್ದವು. ದೂರದಿಂದ ಚೆಂದವೇ.

ನಾನು ಪೇಪರನ್ನು ಅಪ್ಪನ ಮುಂದೆ ಇಟ್ಟೆ. ಅವರಿಗೆ ಈಗ 76. ನಲವತ್ತು ವರ್ಷ ದಾವಣಗೆರೆಯಲ್ಲಿ ಬೋರ್ಡು ಬರೆದವರು. ಕನ್ನಡಕ ಏರಿಸಿಕೊಂಡು ನೋಡಿದರು. ಆಮೇಲೆ ಮೊದಲ ‘ಅ’ದ ಕೊನೆಯ ತಿರುವಿನ ಮೇಲೆ ಬೆರಳಿಟ್ಟರು. ಅಲ್ಲೊಂದು ಬಿಳಿ ಗೀರು, ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ. ಬೆರಳು ಎರಡನೇ ‘ಅ’ಕ್ಕೆ ಹೋಯಿತು. ಅದೇ ಜಾಗ, ಅದೇ ಗೀರು, ಅದೇ ಚುಕ್ಕೆ. ಮೂರನೆಯದಕ್ಕೂ ಹಾಗೇ. ‘ಇದು ಬರೆದಿದ್ದಲ್ಲವ್ವಾ, ಠಸ್ಸೆ ಒತ್ತಿದ್ದು’ ಎಂದರು. ಪೇಪರ್ ಮಡಚಿಟ್ಟು ಕಾಫಿ ಕುಡಿಯಲು ಹೋದರು.

ಅವರ ಮಟ್ಟಿಗೆ ಮಾತು ಮುಗಿಯಿತು. ನನಗೆ ಮುಗಿಯಲಿಲ್ಲ, ಅದಕ್ಕೇ ಈ ಪತ್ರ. ನನ್ನದು ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಉಪ್ಪಿನಕಾಯಿ ಡಬ್ಬಿಯ ಲೇಬಲ್, ಗಣಪತಿ ಹಬ್ಬದ ಬ್ಯಾನರ್, ಎಲ್ಲ ಮಾಡುತ್ತೇನೆ. ‘ಮೇಡಂ, ಹೆಸರು ಮಾತ್ರ ಸ್ಟೈಲಾಗಿ, ಕೈಯಲ್ಲಿ ಬರೆದಂಗೆ ಇರ್ಲಿ’ ಎನ್ನದ ಗಿರಾಕಿ ಅಪರೂಪ. ಹಾಗಾಗಿ ಬ್ರಷ್ ಅಕ್ಷರದ ಫಾಂಟ್ ಜತೆ ನನ್ನ ಒಡನಾಟ ದಿನಾ ಇದೆ. ಪತ್ರ ಉದ್ದವಾಗುತ್ತದೆ ಎಂದು ಈಗಲೇ ಗೊತ್ತು. ಬೇಕಾದ ಕಡೆ ಕತ್ತರಿ ಹಾಕಿಕೊಳ್ಳಿ.

ಮೊದಲು ಅಪ್ಪ ಹೇಗೆ ಬರೆಯುತ್ತಿದ್ದರು ಎಂದು ಹೇಳುತ್ತೇನೆ. ಚಿಕ್ಕವಳಿದ್ದಾಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಜತೆ ಹೋಗುತ್ತಿದ್ದೆ. ದಾರಕ್ಕೆ ಚಾಕ್‌ಪೀಸ್ ಪುಡಿ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ನಡುವೆ ಟಪ್ ಎಂದು ಚಿಮ್ಮುತ್ತಿದ್ದರು. ತಗಡಿನ ಮೇಲೆ ನೆಟ್ಟಗೆ ಬಿಳಿ ಗೆರೆ ಬೀಳುತ್ತಿತ್ತು. ಮೇಲೊಂದು, ಕೆಳಗೊಂದು. ಕೆಳಗಿನ ಗೆರೆಯ ಕೆಳಗೆ ಇನ್ನೂ ಒಂದು. ಅದು ಒತ್ತಿನ ಗೆರೆ. ಇಂಗ್ಲಿಷ್ ಬೋರ್ಡಿಗೆ ಆ ಮೂರನೇ ಗೆರೆ ಹಾಕುತ್ತಿರಲಿಲ್ಲ. ಎನಾಮೆಲ್ ಪೇಂಟಿಗೆ ಚೂರು ಟರ್ಪೆಂಟೈನ್ ಬಿಟ್ಟು, ಬ್ರಷ್ ಅದ್ದಿ, ಡಬ್ಬಿಯ ಅಂಚಿಗೆ ಎರಡು ಸಲ ಸವರಿ, ಎಡಗೈಯ ಕೋಲನ್ನು ಬೋರ್ಡಿಗೆ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು ಶುರು ಮಾಡುತ್ತಿದ್ದರು.

ಅವರಿಗೆ ಎರಡು ಬಗೆಯ ಅಕ್ಷರ. ಬ್ಯಾಂಕು, ಸೊಸೈಟಿ, ಡಾಕ್ಟರ ಹೆಸರು ಇವಕ್ಕೆಲ್ಲ ನಿಧಾನದ, ಅಳೆದು ತುಂಬಿದ ಅಕ್ಷರ. ಹೋಟೆಲ್, ಕಬ್ಬಿನ ಹಾಲಿನ ಗಾಡಿ, ನಾಟಕ ಕಂಪನಿಯ ಬೋರ್ಡು, ಲಾರಿಯ ಹಿಂಬದಿ ಇವಕ್ಕೆ ‘ಓಡಿಸುವ’ ಅಕ್ಷರ. ಓಡಿಸುವ ಅಕ್ಷರಕ್ಕೆ ರೇಟು ಕಮ್ಮಿ, ಯಾಕೆಂದರೆ ಬೇಗ ಮುಗಿಯುತ್ತದೆ. ಅದರಲ್ಲಿ ತಪ್ಪಿದರೆ ತಿದ್ದಲು ಮಾತ್ರ ಬರುವುದಿಲ್ಲ. ಒಂದು ಬೀಸಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಒರೆಸಿ ಮೊದಲಿಂದ. ನಿಜ ಹೇಳಬೇಕೆಂದರೆ ಕಷ್ಟದ ಕೆಲಸ ಅದೇ ಆಗಿತ್ತು. ದುಡ್ಡು ಮಾತ್ರ ಇನ್ನೊಂದಕ್ಕೆ ಜಾಸ್ತಿ.

ಓಡಿಸುವಾಗ ಅವರು ಒತ್ತುಗಳನ್ನು ಜತೆಗೇ ಹಾಕುತ್ತಿರಲಿಲ್ಲ. ಸಾಲು ಪೂರ್ತಿ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಕೆಳಗೆ ಎಷ್ಟು ಜಾಗ ಇದೆ ಎಂದು ನೋಡಿ, ಆಮೇಲೆ ಎಲ್ಲ ಒತ್ತುಗಳನ್ನೂ ಒಟ್ಟಿಗೆ ಎಳೆಯುತ್ತಿದ್ದರು. ಒಂದು ಸಲ ಇದರಿಂದಲೇ ಎಡವಟ್ಟಾಯಿತು. ಒಂದು ದೋಸೆ ಹೋಟೆಲಿನ ಬೋರ್ಡು. ಸಾಲು ಬರೆದಾಯಿತು, ಯಾರೋ ಟೀ ಕುಡಿಯಲು ಕರೆದರು, ಬಂದ ಮೇಲೆ ಉಳಿದ ಒತ್ತೆಲ್ಲ ಹಾಕಿದರು. ಒಂದನ್ನು ಬಿಟ್ಟರು. ಮಾರನೇ ದಿನ ಊರೆಲ್ಲ ಓದಿದ್ದು ‘ಬೆಣೆ ದೋಸೆ’. ಬಡಗಿ ಬಡಿಯುತ್ತಾನಲ್ಲ, ಆ ಬೆಣೆ. ದೋಸೆ ಅಷ್ಟು ಗಟ್ಟಿಯಾ ಎಂದು ಗಿರಾಕಿಗಳು ಮಾಲೀಕರನ್ನು ರೇಗಿಸಿದರಂತೆ. ಒತ್ತು ಬೀಳುವ ತನಕ ಬಾಕಿ ದುಡ್ಡು ಸಿಗಲಿಲ್ಲ. ಅಪ್ಪ ಸೈಕಲ್ ಮೇಲೆ ಏಣಿ ಹೊತ್ತು ಹೋಗಿ, ಒಂದೇ ಒಂದು ಣ ಒತ್ತು ಹಾಕಿ, ಒಂದು ಬೆಣ್ಣೆ ದೋಸೆ ತಿಂದು ಬಂದರು.

ಈ ಬ್ರಷ್ ಅಕ್ಷರ ಅಚ್ಚಿಗೆ ಬಂದದ್ದು ನನ್ನ ಅಪ್ಪ ಹುಟ್ಟುವ ಮೊದಲೇ. ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ‘ಬ್ರಷ್ ಸ್ಕ್ರಿಪ್ಟ್’ ಎಂಬ ಹೆಸರನ್ನು ತುಂಬಾ ಜನ ನೋಡಿರುತ್ತೀರಿ. ಬಲಕ್ಕೆ ಓರೆಯಾಗಿ, ಒಂದಕ್ಕೊಂದು ಕೈ ಹಿಡಿದು ನಡೆಯುವ ಇಂಗ್ಲಿಷ್ ಅಕ್ಷರ. ರಾಬರ್ಟ್ ಇ. ಸ್ಮಿತ್ ಎಂಬವರು 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗೆ ಮಾಡಿಕೊಟ್ಟದ್ದು. ಆಗ ಕಂಪ್ಯೂಟರ್ ಇಲ್ಲ, ಎಲ್ಲ ಸೀಸದ ಮೊಳೆ. ಒಂದೊಂದು ಅಕ್ಷರವೂ ಬೇರೆ ಬೇರೆ ಲೋಹದ ತುಂಡು. ಜೋಡಿಸಿದಾಗ ಒಂದರ ಬಾಲ ಇನ್ನೊಂದರ ತಲೆಗೆ ಸರಿಯಾಗಿ ತಾಗಬೇಕು. ಕೂದಲೆಳೆಯಷ್ಟು ಜಾಗ ಬಿಟ್ಟರೂ ಕೈಬರಹದ ಭ್ರಮೆ ಒಡೆಯಿತು. ಆ ಕಾಲಕ್ಕೆ ಅದು ದೊಡ್ಡ ಕೆಲಸ.

1953ರಲ್ಲಿ ಫ್ರಾನ್ಸಿನ ರೋಜರ್ ಎಕ್ಸ್‌ಕೊಫೋನ್ ಮಾಡಿದ ‘ಮಿಸ್ಟ್ರಾಲ್’ ಇನ್ನೂ ಒಂದು ಹೆಜ್ಜೆ ಮುಂದೆ. ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಒಂದು ಗಾಳಿಯ ಹೆಸರು ಅದು. ತನ್ನ ಕೈಬರಹವನ್ನೇ ಅಚ್ಚಿಗೆ ಇಳಿಸಿದ್ದು. ಅಕ್ಷರಗಳು ಒಂದೇ ಗೆರೆಯ ಮೇಲೆ ಕೂರುವುದಿಲ್ಲ, ಹಾರಿಕೊಂಡು ಕುಣಿದುಕೊಂಡು ಹೋಗುತ್ತವೆ. ಆದರೂ ಕೊಂಡಿ ತಪ್ಪುವುದಿಲ್ಲ. ನಮ್ಮೂರಿನ ಬ್ಯೂಟಿ ಪಾರ್ಲರ್ ಬೋರ್ಡುಗಳಲ್ಲಿ ಅದು ಇವತ್ತಿಗೂ ಇದೆ. ಬರೆದವರಿಗೆ ಹೆಸರು ಗೊತ್ತಿರುವುದಿಲ್ಲ ಅಷ್ಟೆ.

ಇವೆರಡನ್ನೂ ನೋಡಿ ಕನ್ನಡಕ್ಕೂ ಇಂಥದ್ದೇ ಬೇಕು ಎಂದು ಹೊರಟವರು ಎಡವುವುದು ಇಲ್ಲಿ. ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರಕ್ಕೆ ಕೊಂಡಿ ಮುಖ್ಯ. ಈಗ ನಾವು ಬರೆಯುವ ಕನ್ನಡದಲ್ಲಿ ಕೊಂಡಿಯೇ ಇಲ್ಲ. ನಾವು ಎಷ್ಟೇ ಅವಸರದಲ್ಲಿ ಬರೆದರೂ ‘ಮ’ ಮತ್ತು ‘ನೆ’ ಬೇರೆಬೇರೆಯಾಗಿಯೇ ಕೂರುತ್ತವೆ. ನಮ್ಮ ಅಕ್ಷರ ಪಕ್ಕಕ್ಕೆ ಅಂಟುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ತಲೆಕಟ್ಟು ಮೇಲೆ, ಗುಡಿಸು ಅದರ ಜಾಗದಲ್ಲಿ, ಕೊಂಬು ಬಲಕ್ಕೆ, ಒತ್ತು ಕೆಳಗೆ. ಓಟ ಇರುವುದು ಒಂದು ಅಕ್ಷರದ ಒಳಗೇ. ಅಪ್ಪ ‘ಸ್ತ್ರೀ’ ಬರೆಯುವುದನ್ನು ನೋಡಬೇಕು. ಮೇಲೆ ಶುರುವಾದ ಕೈ ಕೆಳಗಿನ ಎರಡು ಒತ್ತು ಮುಗಿಸಿ ದೀರ್ಘದ ಬಾಲದಲ್ಲಿ ಹೊರಗೆ ಬರುವ ಹೊತ್ತಿಗೆ ಬ್ರಷ್ಷಿನ ಬಣ್ಣ ತೀರಿರುತ್ತದೆ. ಗೀರು ಬೀಳುವುದು ಆಗ. ಬಾಲದ ತುದಿಯಲ್ಲಿ. ಶುರುವಿನಲ್ಲಿ ಅಲ್ಲ.

ಹಾಗಾಗಿ ಮಾದರಿ ಬೇಕೇ ಬೇಕು ಎಂದರೆ ನಾನು ತೋರಿಸುವುದು ‘ಡಾಮ್ ಕ್ಯಾಶುಯಲ್’ ಎಂಬುದನ್ನು. ಪೀಟರ್ ಡೊಂಬ್ರೆಜಿಯನ್ ಎಂಬವರು ಮಾಡಿದ್ದು, 1951ರದ್ದು. ಬ್ರಷ್ಷಿನಲ್ಲೇ ಬರೆದ ಹಾಗೆ ಇದೆ, ಆದರೆ ಅಕ್ಷರಗಳು ಒಂದಕ್ಕೊಂದು ತಾಗುವುದಿಲ್ಲ. ಬಿಡಿಬಿಡಿಯಾಗಿ ನಿಂತೂ ಒಂದೇ ಕೈಯಿಂದ ಬಂದವು ಎನ್ನಿಸುತ್ತದೆ. ಕನ್ನಡಕ್ಕೆ ಇದು ಹತ್ತಿರ. ಸುಮ್ನೆ ಅದನ್ನೇ ನಕಲು ಮಾಡಿ ಎನ್ನುತ್ತಿಲ್ಲ. ಕೊಂಡಿಯ ಹಿಂದೆ ಬೀಳಬೇಡಿ ಎನ್ನುತ್ತಿದ್ದೇನೆ.

ಈಗ ನಿಮ್ಮ ತಲೆಬರಹಕ್ಕೆ ವಾಪಸ್ ಬರುತ್ತೇನೆ. ‘ಜ್ಜಿ’ಯ ಒತ್ತು, ‘ಟ್ಟ’ದ ಒತ್ತು ನೋಡಿ. ಮೇಲಿನ ಅಕ್ಷರ ಹೆಬ್ಬೆರಳಿನ ದಪ್ಪ, ಕೆಳಗಿನ ಒತ್ತು ಕಡ್ಡಿಯಷ್ಟು. ಯಾಕೆ ಹೀಗಾಯಿತು ಎಂದರೆ, ಫಾಂಟ್ ಮಾಡಿದವರು ಇಡೀ ‘ಜ’ವನ್ನು, ಇಡೀ ‘ಟ’ವನ್ನು ಕಂಪ್ಯೂಟರಿನಲ್ಲಿ ಕುಗ್ಗಿಸಿ ಕೆಳಗೆ ಇಟ್ಟುಬಿಟ್ಟಿದ್ದಾರೆ. ಅಕ್ಷರ ಕುಗ್ಗಿದಾಗ ಗೆರೆಯ ದಪ್ಪವೂ ಕುಗ್ಗುತ್ತದೆ. ಬ್ರಷ್ಷಿನ ಗೀರೂ ಕುಗ್ಗಿ ಧೂಳು ಕೂತ ಹಾಗೆ ಕಾಣುತ್ತದೆ. ಕೈಯಲ್ಲಿ ಬರೆಯುವವರು ಒತ್ತಿಗೆ ಅಂತ ಬ್ರಷ್ ಬದಲಿಸುವುದಿಲ್ಲ. ಅದೇ ಬ್ರಷ್, ಒತ್ತಡ ಚೂರು ಕಮ್ಮಿ, ಆಕಾರ ಚೂರು ಚಪ್ಪಟೆ. ದಪ್ಪ ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ರೂಪ ಇರುವುದರಿಂದ ಅವನ್ನು ಹೇಗೂ ಹೊಸದಾಗಿ ಬರೆಯಲೇಬೇಕು. ಹಾಗಾಗಿ ಅವು ಎಷ್ಟೋ ವಾಸಿ. ಉಳಿದವಕ್ಕೇ ಈ ಕುಗ್ಗಿಸುವ ಕಾಟ. ಹೊಸ ಬ್ರಷ್ ಫಾಂಟ್ ಕೈಗೆ ಬಂದರೆ ನಾನು ಮೊದಲು ಟೈಪ್ ಮಾಡಿ ನೋಡುವುದು ‘ಅಜ್ಜಿ’, ‘ಹಬ್ಬ’, ‘ಕಟ್ಟೆ’. ಅಲ್ಲಿ ಬಣ್ಣ ಬಯಲಾಗುತ್ತದೆ.

ಇನ್ನೊಂದು ಕಾಟ ಓರೆ ಮಾಡುವುದು. ನೆಟ್ಟಗಿನ ಕನ್ನಡ ಅಕ್ಷರ ತೆಗೆದುಕೊಂಡು ಇಟಾಲಿಕ್ ಬಟನ್ ಒತ್ತಿದರೆ ಬ್ರಷ್ ಅಕ್ಷರ ಆಗುವುದಿಲ್ಲ. ನಮ್ಮ ಅಕ್ಷರಗಳು ದುಂಡಗಿವೆ. ದುಂಡನ್ನು ಪಕ್ಕಕ್ಕೆ ತಳ್ಳಿದರೆ ಅದು ಮೊಟ್ಟೆಯಾಗುತ್ತದೆ, ಅಷ್ಟೆ. ದಪ್ಪ ಇರಬೇಕಾದ ಕಡೆ ಸಣ್ಣ, ಸಣ್ಣ ಇರಬೇಕಾದ ಕಡೆ ದಪ್ಪ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ವಾಲುತ್ತಾರಲ್ಲ, ಹಾಗೆ.

ನೀವು ಕೇಳಬಹುದು, ಫಾಂಟ್ ಅಂದ ಮೇಲೆ ಎಲ್ಲ ‘ಅ’ಗಳೂ ಒಂದೇ ಥರ ಇರಬೇಕಲ್ಲವೇ ಎಂದು. ಸುದ್ದಿ ಓದುವ ಅಕ್ಷರಕ್ಕೆ ಹೌದು. ನಿಮ್ಮ ಮುಖಪುಟದ ಸುದ್ದಿಯಲ್ಲಿ ಸಾವಿರ ‘ದ’ ಇದ್ದರೆ ಸಾವಿರವೂ ಒಂದೇ ಥರ ಇರಲಿ, ಅದೇ ಅದರ ಗುಣ. ಆದರೆ ಕೈಯಲ್ಲಿ ಬರೆದ ಹಾಗೆ ಎಂದು ಹೇಳಿಕೊಂಡು ಬಂದ ಅಕ್ಷರಕ್ಕೆ ಅದೇ ದೋಷ. ಇದಕ್ಕೆ ದಾರಿ ಇಲ್ಲ ಅಂತಲ್ಲ. ಮೈಕ್ರೋಸಾಫ್ಟ್, ಅಡೋಬಿ ಸೇರಿ 1996ರಲ್ಲಿ ಘೋಷಿಸಿದ ಓಪನ್‌ಟೈಪ್ ಎಂಬ ವ್ಯವಸ್ಥೆ ಇದೆ. ಪಕ್ಕದಲ್ಲಿ ಏನಿದೆ ನೋಡಿಕೊಂಡು ಅಕ್ಷರದ ರೂಪ ಬದಲಿಸುವುದು ಅದಕ್ಕೆ ಬರುತ್ತದೆ. ನಾವು ಕ, ಅರ್ಧಾಕ್ಷರದ ಗುರುತು, ಷ ಎಂದು ಮೂರು ಕೀಲಿ ಒತ್ತಿದಾಗ ಪರದೆ ಮೇಲೆ ‘ಕ್ಷ’ ಮೂಡುವುದು ಇದೇ ವ್ಯವಸ್ಥೆಯಿಂದ. ಅದೇ ಯಂತ್ರಕ್ಕೆ ‘ಮೊದಲ ಅ ಆದ ಮೇಲೆ ಹತ್ತಿರದಲ್ಲೇ ಇನ್ನೊಂದು ಅ ಬಂದರೆ ಎರಡನೇ ರೂಪ ಹಾಕು’ ಎಂದು ಹೇಳಿಕೊಡಬಹುದು. ಇಂಗ್ಲಿಷಿನ ಒಳ್ಳೆಯ ಬ್ರಷ್ ಫಾಂಟ್‌ಗಳಲ್ಲಿ ಇದು ಮಾಮೂಲು.

ಕನ್ನಡದಲ್ಲಿ ಯಾಕೆ ಕಮ್ಮಿ ಎಂದರೆ, ಕೆಲಸ ಜಾಸ್ತಿ, ದುಡ್ಡು ಕಮ್ಮಿ. ಇಂಗ್ಲಿಷಿಗೆ ದೊಡ್ಡದು ಸಣ್ಣದು ಸೇರಿ 52 ಅಕ್ಷರ, ಮೇಲೆ ಅಂಕಿ, ಚುಕ್ಕೆ, ಕೊಕ್ಕೆ. ನಮ್ಮ ವರ್ಣಮಾಲೆ 49ಕ್ಕೆ ನಿಲ್ಲುತ್ತದೆ ಎಂದು ಮೋಸ ಹೋಗಬೇಡಿ. ಅದರಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತ. ಗುಡಿಸು ಬಂದಾಗ ತಲೆಕಟ್ಟು ಹೋಗಿ ಅಕ್ಷರದ ನೆತ್ತಿಯೇ ಬೇರೆಯಾಗುತ್ತದೆ, ಏತ್ವ ಬಂದರೆ ಇನ್ನೊಂದು ಥರ. ಆಮೇಲೆ 34 ಒತ್ತು. ಒಟ್ಟು ನೂರಾರು ರೂಪ ಬರೆಯಬೇಕು. ಇದರ ಮೇಲೆ ಎರಡೆರಡು ಮೂರುಮೂರು ಬಗೆ ಅಂದರೆ ಯಾರಿಗಾದರೂ ತಲೆ ತಿರುಗುತ್ತದೆ. ಎಲ್ಲಕ್ಕೂ ಬೇಡ ಎನ್ನುವುದು ನನ್ನ ಲೆಕ್ಕ. ಅ, ನ, ರ, ದ, ಲ, ವ, ಮ, ತ ಇಷ್ಟಕ್ಕೆ ಎರಡು ಮೂರು ರೂಪ ಕೊಟ್ಟರೆ ತಲೆಬರಹದ ಮುಕ್ಕಾಲು ತೊಂದರೆ ಹೋಗುತ್ತದೆ. ‘ಞ’ಕ್ಕೆ ಎರಡನೇ ರೂಪ ಯಾರಿಗೆ ಬೇಕು ಹೇಳಿ.

ದುಡ್ಡಿನ ವಿಷಯದಲ್ಲಿ ನನ್ನದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಅಂಗಡಿ ಶುರು ಮಾಡಿದಾಗ ನನ್ನ ಕಂಪ್ಯೂಟರಿನಲ್ಲಿದ್ದ ಮುನ್ನೂರು ಫಾಂಟುಗಳಲ್ಲಿ ಒಂದನ್ನೂ ನಾನು ಕೊಂಡಿರಲಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದವು, ಪೆನ್‌ಡ್ರೈವ್‌ನಲ್ಲೇ ಬೇರೆಯವರಿಗೆ ಹೋದವು. ಯಾರೋ ಕೂತು ವರ್ಷಗಟ್ಟಲೆ ಬರೆದದ್ದು ಎಂಬ ಯೋಚನೆಯೇ ಬಂದಿರಲಿಲ್ಲ. ಅಪ್ಪನ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗಿ ಬೇರೆ ಊರಿನಲ್ಲಿ ಹಾಗೇ ಫ್ಲೆಕ್ಸ್ ಹೊಡೆಸಿದವರ ಮೇಲೆ ಮನೆಯಲ್ಲಿ ಕೂಗಾಡಿದ್ದು ಇದೇ ನಾನು.

ಹಳೇ ಫಾಂಟುಗಳದು ಇನ್ನೊಂದು ರಗಳೆ. ನಮ್ಮಂಥ ಅಂಗಡಿಗಳಲ್ಲಿ ಇರುವ ಚೆಂದದ ಅಲಂಕಾರದ ಅಕ್ಷರಗಳು ಬಹುಪಾಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರು ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಮೊದಲಿನವು. ಪೇಜ್‌ಮೇಕರ್ ಎಂಬ ಹಳೇ ಪುಟ ಜೋಡಣೆ ತಂತ್ರಾಂಶದಲ್ಲಿ ಕೂತು ಕೆಲಸ ಮಾಡಲು ಅವೇ ಬೇಕು, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್. ಅದನ್ನು ಹಳೇ ಸಂಕೇತಕ್ಕೆ ತಿರುಗಿಸಿದಾಗ ಅರ್ಕಾವೊತ್ತು ಎಲ್ಲೋ, ದೀರ್ಘ ಎಲ್ಲೋ. ಹೋಗಲಿ, ಹೊಸ ತಂತ್ರಾಂಶಕ್ಕೆ ಹೋಗೋಣ ಎಂದು ಫೋಟೋಶಾಪ್‌ಗೆ ಹೋದರೆ, ಅದರ ಹಳೇ ಆವೃತ್ತಿಗಳಲ್ಲಿ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳ ಜೋಡಣೆಯನ್ನು ಆರಿಸಿರದಿದ್ದರೆ ಒತ್ತುಗಳು ಬಿಚ್ಚಿಕೊಂಡು ಬೀದಿಗೆ ಬೀಳುತ್ತವೆ. ‘ವಾರ್ಷಿಕೋತ್ಸವ’ ಎಂಬುದು ಅರ್ಧಾಕ್ಷರಗಳ ಮೆರವಣಿಗೆಯಾಗಿ ನೇತಾಡುವ ಬ್ಯಾನರನ್ನು ಒಂದು ಕಾಲೇಜಿನ ಗೇಟಿನಲ್ಲೇ ನೋಡಿದ್ದೇನೆ. ಅದೂ ಬ್ರಷ್ ಅಕ್ಷರದಲ್ಲಿ.

ಬ್ರಷ್ ಅಕ್ಷರ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂಬುದರಲ್ಲಿ ನಾನು ಏಟು ತಿಂದೇ ಕಲಿತದ್ದು. ಒಂದು ಲಗ್ನಪತ್ರಿಕೆ. ಹುಡುಗನ ಕಡೆಯವರು ಎಲ್ಲವೂ ಅದೇ ಸ್ಟೈಲಿನಲ್ಲಿ ಇರಲಿ ಎಂದರು. ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ, ಆಶೀರ್ವಾದ ಬಯಸುವವರ ಪಟ್ಟಿ, ಎಲ್ಲ. ನಾನೂ ಹೂಂ ಎಂದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಂಗಾರದ ಬಣ್ಣ. ಹೆಸರು ದೊಡ್ಡದಿತ್ತು, ಸೊಗಸಾಗಿ ಬಂತು. ಸಣ್ಣಕ್ಷರಗಳಲ್ಲಿ ಗೀರುಗಳೆಲ್ಲ ಬಣ್ಣ ಇಳಿಯುವ ಜಾಲರಿಯಲ್ಲಿ ಮುಚ್ಚಿಹೋಗಿ ಬರೀ ಮುದ್ದೆ. ‘ಬೆಳಿಗ್ಗೆ 9’ ಎಂಬುದು ಕೆಲವರಿಗೆ 7 ಎಂದು ಕಂಡಿತಂತೆ. ಎರಡು ತಾಸು ಮೊದಲೇ ಬಂದ ನೆಂಟರು ಛತ್ರದ ಬಾಗಿಲಲ್ಲಿ ಕೂತಿದ್ದರಂತೆ. ನಾನು ಪೂರ್ತಿ ಪತ್ರಿಕೆಯ ಖರ್ಚು ಬಿಟ್ಟುಕೊಟ್ಟೆ. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಹೆಸರು ಬಿಟ್ಟರೆ ಬೇರೆ ಯಾವುದಕ್ಕೂ ಬ್ರಷ್ ಅಕ್ಷರ ಇಲ್ಲ. ದಿನ, ಗಂಟೆ, ಫೋನ್ ನಂಬರು, ದರ, ಔಷಧಿಯ ಲೇಬಲ್ಲು, ಬಸ್ಸಿನ ಬೋರ್ಡು, ಇವುಗಳ ಹತ್ತಿರ ಅದು ಸುಳಿಯಲೇಬಾರದು.

ಕಾರಿನ ಗಾಜಿಗೆ, ಅಂಗಡಿಯ ಬಾಗಿಲಿಗೆ ಅಂಟಿಸುವ ವಿನೈಲ್ ಕೂಡ ಹಾಗೇ. ಕತ್ತರಿಸುವ ಯಂತ್ರದ ಬ್ಲೇಡು ಅಕ್ಷರದ ಅಂಚನ್ನೇ ಹಿಡಿದು ಹೋಗುತ್ತದೆ. ಗೀರು ಇರುವ ಬ್ರಷ್ ಅಕ್ಷರದ ಅಂಚು ಅಂದರೆ ಗರಗಸದ ಹಲ್ಲು. ಬ್ಲೇಡು ಅಲ್ಲಾಡಿ ಅಲ್ಲಾಡಿ ವಿನೈಲ್ ಹರಿಯುತ್ತದೆ. ಹರಿಯದಿದ್ದರೆ ಆಮೇಲೆ ಸೂಜಿ ಹಿಡಿದು ಒಂದೊಂದೇ ಚೂರು ಕೀಳಬೇಕು. ‘ಶ್ರೀ’ ಒಂದಕ್ಕೇ ಅರ್ಧ ಗಂಟೆ ಕೂತಿದ್ದೇನೆ. ವಿನೈಲ್‌ಗೆ ಗೀರಿಲ್ಲದ, ಅಂಚು ನುಣುಪಾಗಿರುವ ಬ್ರಷ್ ಅಕ್ಷರವೇ ಸರಿ. ಉಪ್ಪಿನಕಾಯಿ ಲೇಬಲ್, ಟೀ ಶರ್ಟು, ನಾಟಕದ ಪೋಸ್ಟರು, ಹೋಟೆಲಿನ ತಿಂಡಿ ಪಟ್ಟಿಯ ಮೇಲಿನ ಒಂದು ಸಾಲು, ಪುಸ್ತಕದ ಹೊದಿಕೆ, ಇಲ್ಲೆಲ್ಲ ಗೀರು ಬೇಕಾದಷ್ಟು ಇರಲಿ. ‘ಮನೆಯಲ್ಲೇ ಮಾಡಿದ ಮಾವಿನಕಾಯಿ’ ಎಂಬುದನ್ನು ಸರ್ಕಾರಿ ನೋಟಿಸಿನ ಅಕ್ಷರದಲ್ಲಿ ಹಾಕಿದರೆ ಯಾರು ಕೊಳ್ಳುತ್ತಾರೆ?

ಇದು ಬರೀ ನನ್ನ ಅಂಗಡಿಯ ಕಥೆ ಅಲ್ಲ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇ 60 ಭಾಗ ಕನ್ನಡ ಇರಬೇಕು ಎಂದಾಯಿತು. ನನಗೆ ಖುಷಿಯೇ, ಕೆಲಸವೂ ಬಂತು. ಆದರೆ ಬಂದ ಕೆಲಸ ಎಂಥದ್ದು ನೋಡಿ. ಬೇಕರಿಯ ಇಂಗ್ಲಿಷ್ ಹೆಸರು ಬ್ರಷ್ಷಿನಲ್ಲಿ ಕುಣಿಯುತ್ತಿರುತ್ತದೆ. ಅದನ್ನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಯಾರೋ ಡಿಸೈನರ್ ಮಾಡಿಕೊಟ್ಟಿದ್ದು. ‘ಅದರ ಮೇಲೆ ಕನ್ನಡದಲ್ಲಿ ಹಾಕ್ಬಿಡಿ ಮೇಡಂ, ಯಾವ್ದಾದ್ರೂ ಫಾಂಟು.’ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ್ದನ್ನು ಹಾಕಬೇಕು, ಅದೂ ಅಳತೆಗೆ ಸರಿಹೊಂದಲು ಅಡ್ಡಕ್ಕೆ ಎಳೆದು. ಕನ್ನಡಕ್ಕೆ ಅಳತೆಯಂತೆ ಜಾಗ ಸಿಕ್ಕಿದೆ, ಆದರೆ ದಂಡ ತಪ್ಪಿಸಿಕೊಳ್ಳಲು ನಿಲ್ಲಿಸಿದ ಹಾಗೆ ನಿಂತಿದೆ. ಬೋರ್ಡು ನೋಡಿದರೆ ಯಾವ ಭಾಷೆಗೆ ಪ್ರೀತಿಯಿಂದ ದುಡ್ಡು ಕೊಟ್ಟಿದ್ದಾರೆ ಎಂದು ಓದು ಬಾರದವರಿಗೂ ಗೊತ್ತಾಗುತ್ತದೆ.

ಒಳ್ಳೆಯ ಕೆಲಸ ಮಾಡಿದವರೂ ಇದ್ದಾರೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿರುವ ‘ಅಕಾಯ ಕನಡಕ’ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೈಯ ಚಲನೆ ಅದರಲ್ಲಿ ಕಾಣುತ್ತದೆ. ಮುಂಬೈಯ ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ ‘ಬಾಲೂ ತಮ್ಮ’ ಕೂಡ ಅಲ್ಲೇ ಇದೆ. ಅದು ಬ್ರಷ್ ಅಕ್ಷರ ಅಲ್ಲ, ಪೂರಿಯ ಹಾಗೆ ಉಬ್ಬಿದ ದಪ್ಪ ಅಕ್ಷರ, ಆದರೆ ನಗುಮುಖದ್ದು. ಬೇರೆ ಬೇರೆ ಲಿಪಿಗೆ ಬೇರೆ ಬೇರೆ ನೆಂಟಸ್ತಿಕೆ ಇಟ್ಟಿದ್ದಾರೆ. ಮಲಯಾಳಕ್ಕೆ ಚೇಟ್ಟನ್, ತೆಲುಗಿಗೆ ತಮ್ಮುಡು, ನಮಗೆ ತಮ್ಮ. ದೆಹಲಿಯ ಹನೀಫ್ ಕುರೇಶಿ ಎಂಬ ಕಲಾವಿದರು ಬೀದಿ ಪೇಂಟರುಗಳ ಹತ್ತಿರ ಹೋಗಿ, ಅವರಿಂದಲೇ ಬರೆಸಿ, ಅವರ ಹೆಸರಿನಲ್ಲೇ ಫಾಂಟ್ ಮಾಡುವ ಕೆಲಸ ಶುರು ಮಾಡಿದ್ದರು. ‘ಪೇಂಟರ್ ಕಫೀಲ್’ ಎಂಬ ಫಾಂಟ್ ಹಾಗೆ ಬಂದದ್ದು. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿ ನನಗೆ, ಯಾವತ್ತೂ ಭೇಟಿಯಾಗದಿದ್ದರೂ, ನಮ್ಮ ಮನೆಯವರೇ ಹೋದ ಹಾಗೆ ಆಯಿತು.

ಪತ್ರಿಕೆಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕನ್ನಡ ಪತ್ರಿಕೆ ಹುಟ್ಟಿದ್ದೇ ಕೈಬರಹದಲ್ಲಿ. ಜುಲೈ 1ಕ್ಕೆ ನೀವೆಲ್ಲ ಪತ್ರಿಕಾ ದಿನ ಆಚರಿಸುತ್ತೀರಲ್ಲ, 1843ರಲ್ಲಿ ಆ ದಿನ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿದ್ದಲ್ಲ. ಯಾರದೋ ಕೈ ಬರೆದ ಅಕ್ಷರ ಜಿಡ್ಡಿನ ಮಸಿಯಲ್ಲಿ ಕಲ್ಲಿಗೆ ಹೋಗಿ, ಕಲ್ಲಿನಿಂದ ಕಾಗದಕ್ಕೆ ಬಂತು. ಅದರಲ್ಲಿ ಹತ್ತು ‘ಅ’ ಇದ್ದರೆ ಹತ್ತೂ ಬೇರೆಬೇರೆಯೇ. ತೀರಾ ಅಷ್ಟು ಹಿಂದೆ ಹೋಗುವುದೂ ಬೇಡ. ನಾನು ಹೈಸ್ಕೂಲಿನಲ್ಲಿದ್ದಾಗ ವಾರಪತ್ರಿಕೆಗಳಲ್ಲಿ ಕಥೆಯ ಹೆಸರನ್ನು ಚಿತ್ರ ಬರೆದ ಕಲಾವಿದರೇ ಬರೆಯುತ್ತಿದ್ದರು. ದೆವ್ವದ ಕಥೆಗೆ ಒಂದು ಥರ, ಪ್ರೇಮದ ಕಥೆಗೆ ಒಂದು ಥರ. ಅಪ್ಪ ಆ ಹೆಸರುಗಳನ್ನು ಕತ್ತರಿಸಿ ಒಂದು ಹಳೇ ಡೈರಿಯಲ್ಲಿ ಅಂಟಿಸಿಟ್ಟಿದ್ದಾರೆ. ಕಥೆ ಓದಿದವರಲ್ಲ, ಹೆಸರು ಮಾತ್ರ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ವಾರಕ್ಕೆ ಒಂದು ತಲೆಬರಹ, ಪುರವಣಿಯ ಮೊದಲ ಪುಟದ್ದು, ಕೈಯಲ್ಲಿ ಬರೆಸಿ ಹಾಕಿ. ನಿಮ್ಮ ಪತ್ರಿಕೆ ಹೋಗುವ ಊರುಗಳಲ್ಲೆಲ್ಲ ಕೈ ಇನ್ನೂ ಗಟ್ಟಿ ಇರುವ ಒಬ್ಬಿಬ್ಬರು ಪೇಂಟರುಗಳು ಸಿಗುತ್ತಾರೆ. ಫ್ಲೆಕ್ಸ್ ಬಂದ ಮೇಲೆ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ, ಇಲ್ಲವೇ ಆಟೋ ಓಡಿಸುತ್ತಿದ್ದಾರೆ. ಕೇಳಿದರೆ ಒಂದು ಸಂಜೆಯಲ್ಲಿ ಬರೆದು ಕೊಡುತ್ತಾರೆ. ಕೆಳಗೆ ಸಣ್ಣದಾಗಿ ಅವರ ಹೆಸರು ಹಾಕಿ, ಸಂಭಾವನೆ ಕೊಡಿ. ಉಳಿದ ದಿನ ಫಾಂಟೇ ಇರಲಿ. ಆದರೆ ಗೀರಿನ ಫಾಂಟ್ ಹಾಕುವ ಮೊದಲು ಒಂದೇ ಅಕ್ಷರ ಎಷ್ಟು ಸಲ ಬಂದಿದೆ ಎಂದು ಒಮ್ಮೆ ನೋಡಿಕೊಳ್ಳಿ. ಎರಡು ಸಲ ಬಂದಿದ್ದರೆ, ಎರಡನೆಯದನ್ನು ಚಿತ್ರವಾಗಿ ಬದಲಿಸಿಕೊಂಡು, ಗೀರು ಒಂಚೂರು ಮುಚ್ಚಿ ಇನ್ನೊಂದು ಕಡೆ ತೆಗೆದರೂ ಸಾಕು. ಐದು ನಿಮಿಷದ ಕೆಲಸ. ನಾನು ಲಗ್ನಪತ್ರಿಕೆಗಳಲ್ಲಿ ಹಾಗೇ ಮಾಡುವುದು.

ಈಗ ನಮ್ಮ ಮನೆಯ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಎರಡು ತಿಂಗಳಿಂದ ಅಪ್ಪನ ಅಕ್ಷರದ್ದೇ ಒಂದು ಫಾಂಟ್ ಮಾಡಲು ಕೂತಿದ್ದೇನೆ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಹಳೇ ಕ್ಯಾಲೆಂಡರುಗಳ ಹಿಂಬದಿ ಹರಡಿ, ಕಪ್ಪು ಬಣ್ಣ ಕಲಸಿ ಕೊಡುತ್ತೇನೆ. ಕೈ ಈಗ ನಡುಗುತ್ತದೆ. ಆದರೆ ಕೋಲು ಊರಿ ಬ್ರಷ್ ಕಾಗದಕ್ಕೆ ತಾಗಿದ ಮೇಲೆ ನಡುಗುವುದಿಲ್ಲ, ಅದು ಹೇಗೋ ನನಗೆ ಇನ್ನೂ ಅರ್ಥವಾಗಿಲ್ಲ. ಬರೆದದ್ದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇನೆ. ಮೊದಮೊದಲು ಪರದೆಯ ಮೇಲೆ ತಮ್ಮದೇ ‘ಕ’ ನೋಡಿ ‘ಇದನ್ನ ಯಾರು ಬರೆದಿದ್ದು’ ಎಂದು ಕೇಳಿದರು. ಅಂಚು ನುಣುಪು ಮಾಡಿಬಿಟ್ಟಿದ್ದೆ. ಆಮೇಲೆ ಮುಟ್ಟದೆ ಹಾಗೇ ಬಿಟ್ಟೆ.

‘ಅ’ ಮಾತ್ರ ಹನ್ನೊಂದು ಬರೆಸಿಕೊಂಡಿದ್ದೇನೆ. ನಿಮಗೆ ಯಾವಾಗಲಾದರೂ ತಲೆಬರಹಕ್ಕೆ ಬೇಕಾದರೆ ಕಳಿಸಿಕೊಡುತ್ತೇನೆ. ಒತ್ತುಗಳಿಗೆ ಮಾತ್ರ ಸ್ವಲ್ಪ ದಿನ ಕಾಯಬೇಕು. ಅವನ್ನೆಲ್ಲ ಕೊನೆಗೆ ಒಟ್ಟಿಗೆ ಬರೆಯುತ್ತಾರಂತೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ದಾವಣಗೆರೆ